ತುಟಿ ಖಾಲಿ ಬಿಡಬಾರದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಸಂಜೆ ಅತ್ತೆ ಉಟ್ಟಿದ್ದು ಬೂದು ಬಣ್ಣದ ಸೀರೆ ಎಂದು ನನ್ನ ನೆನಪು. ಅವಳನ್ನು ಕೇಳಿದರೆ ತನ್ನ ಹತ್ತಿರ ಬೂದು ಸೀರೆಯೇ ಇಲ್ಲ ಅನ್ನುತ್ತಾಳೆ. ನಾಟಕ ಆಡಿದ ಗೋಡೌನಿನಲ್ಲಿ ಜನ ಕಿಕ್ಕಿರಿದಿದ್ದರು ಅಂತ ನಾನು ಹೇಳುತ್ತೇನೆ. ಸೌಂಡ್ ನೋಡಿಕೊಳ್ಳುವ ಗೆಳತಿ ಅರ್ಧ ಚಾಪೆ ಖಾಲಿ ಇತ್ತು ಅನ್ನುತ್ತಾಳೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಿದ್ದೇನೆ, ಆದರೆ ಇಲ್ಲಿ ಅದರಿಂದ ಉಪಯೋಗವಿಲ್ಲ. ಬರೆಯಲು ಕೂತದ್ದು ಎರಡು ದಿನ ಬಿಟ್ಟು. ಅಷ್ಟರಲ್ಲಿ ಅದನ್ನು ಮೂರು ನಾಲ್ಕು ಜನಕ್ಕೆ ಹೇಳಿಯಾಗಿತ್ತು, ಹೇಳುತ್ತ ಹೇಳುತ್ತ ಅದು ಚೆಂದವಾಗಿಬಿಟ್ಟಿತ್ತು. ಚೆಂದವಾದ ನೆನಪನ್ನು ನಂಬಬಾರದು ಅನ್ನುವಷ್ಟನ್ನು ಇತಿಹಾಸದ ಎಂ.ಎ. ನನಗೆ ಕಲಿಸಿದೆ.

ಸೀರೆಯ ಬಣ್ಣ ಏನಾದರೂ ಆಗಿರಲಿ. ನನಗೆ ಖಚಿತವಾಗಿ ಬೇಕಾಗಿರುವುದು ಒಂದು ಅಕ್ಷರ. ಅದೂ ಪೂರ್ತಿ ಅಕ್ಷರವಲ್ಲ, ಅದರ ಕೊನೆಯ ಸ್ವರ.

ಅತ್ತೆ ನನ್ನ ತಂದೆಯ ಅಕ್ಕ. ನಮ್ಮದು ಮೈಸೂರು ಕಡೆಯಿಂದ ಮದರಾಸಿಗೆ ಬಂದು ಇಲ್ಲೇ ಉಳಿದುಕೊಂಡ ವೈಷ್ಣವರ ಮನೆ. ತಾತನೂ ರೈಲ್ವೆ, ಅಪ್ಪನೂ ರೈಲ್ವೆ. ಅಮ್ಮ ನಾನು ತೀರ ಚಿಕ್ಕವಳಿದ್ದಾಗ ಹೋದಳು. ಚಿಕ್ಕವಳಿದ್ದಾಗ ಎಂದು ಈಗ ಬರೆಯುತ್ತೇನೆ. ಆಗ ಎಲ್ಲರಿಗೂ ನಾನು ಹುಡುಗ, ಶಾಲೆಗೆ ಸೇರಿಸಿದ್ದೂ ಹಾಗೆಯೇ. ಪೆರಂಬೂರಿನ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ ನನ್ನನ್ನು ಬೆಳೆಸಿದವಳು ಅತ್ತೆ. ಅವಳು ಮದುವೆಯಾಗಲಿಲ್ಲ. ಕೋಡಂಬಾಕ್ಕಂನಲ್ಲಿ ಕನ್ನಡ ಸಿನಿಮಾಗಳ ಕೆಲಸ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ ಡಬ್ಬಿಂಗಿಗೆ ಹೋಗುತ್ತಿದ್ದಳು. ನಾಯಕಿಯರಿಗಲ್ಲ. ನಲ್ಲಿಯ ಹತ್ತಿರ ಜಗಳವಾಡುವ ಹೆಂಗಸರಿಗೆ, ಮದುವೆಮನೆಯ ಗುಂಪಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಸಣ್ಣ ಹುಡುಗರಿಗೆ. ಪರದೆಯ ಮೇಲೆ ಚಡ್ಡಿ ಹಾಕಿಕೊಂಡು ಬಿಕ್ಕುವವನು ಯಾರ ಮಗನೋ, ಬಿಕ್ಕು ಅತ್ತೆಯದು.

ನಾನು ಶಾಲೆಗೆ ಹೋಗುವ ಹೊತ್ತಿಗೆ ಆ ಕೆಲಸ ಬಹುಪಾಲು ಬೆಂಗಳೂರಿಗೆ ಹೊರಟುಹೋಗಿತ್ತು. ಆದರೂ ಒಂದು ಸಲ ಅವಳ ಜೊತೆ ವಡಪಳನಿಯ ಸ್ಟುಡಿಯೋ ಒಂದಕ್ಕೆ ಹೋಗಿದ್ದೆ. ಕತ್ತಲ ಕೋಣೆ, ಮುಂದೆ ಸಣ್ಣ ಪರದೆ. ಒಂದೇ ತುಣುಕನ್ನು ಮತ್ತೆ ಮತ್ತೆ ಓಡಿಸುತ್ತಿದ್ದರು, ಅತ್ತೆ ಮೈಕಿನ ಮುಂದೆ ನಿಂತು ಯಾವನೋ ಹುಡುಗನ ತುಟಿಗೆ ತನ್ನ ಮಾತನ್ನು ಹೊಂದಿಸುತ್ತಿದ್ದಳು. ಕೂದಲು ನರೆಯುತ್ತಿದ್ದ ಹೆಂಗಸಿನ ಬಾಯಿಂದ ಆರು ವರ್ಷದ ಹುಡುಗ ಹೊರಬರುತ್ತಿದ್ದ. ನನಗೆ ಅದು ವಿಚಿತ್ರವೆನಿಸಲಿಲ್ಲ. ದೊಡ್ಡ ನೆಮ್ಮದಿಯಾಯಿತು ಅನ್ನಬೇಕು ಅನಿಸುತ್ತದೆ, ಆದರೆ ಆ ನೆಮ್ಮದಿಯನ್ನು ನಾನು ಈಚೆಗೆ ಸೇರಿಸಿದ್ದೋ ಏನೋ.

ಅವಳ ಕಸುಬಿನಿಂದ ನಮ್ಮ ಮನೆಗೆ ಬಂದದ್ದು ಒಂದು ಆಟ. ಟೀವಿಯ ಧ್ವನಿ ಪೂರ್ತಿ ಇಳಿಸಿ, ತಮಿಳು ಸೀರಿಯಲ್ಲಿನವರ ತುಟಿ ನೋಡಿಕೊಂಡು ಕನ್ನಡದಲ್ಲಿ ಮಾತು ಹಾಕುವುದು. "ಓ ಅಂದ್ರೆ ತುಟಿ ದುಂಡಗಾಗತ್ತೆ, ಏ ಅಂದ್ರೆ ಅಗಲವಾಗತ್ತೆ. ಇಷ್ಟು ಗೊತ್ತಿದ್ರೆ ಅರ್ಧ ಕೆಲಸ ಆಯ್ತು ಕಣೋ" ಅನ್ನುತ್ತಿದ್ದಳು. ನನಗೆ ಮಾತು ತೋಚದೆ ಸುಮ್ಮನಾದರೆ ತೊಡೆಗೆ ಚಿವುಟುತ್ತಿದ್ದಳು. "ಅಲ್ನೋಡು, ಅವಳ ಬಾಯಿ ಆಡ್ತಾ ಇದೆ. ತುಟಿ ಖಾಲಿ ಬಿಡಬಾರದು."

ಕಣೋ, ಬಾರೋ, ತಿನ್ನೋ, ಎಲ್ಲಿ ಹಾಳಾಗಿ ಹೋಗಿದ್ಯೋ. ಸಂಜೆ ಬಾಲ್ಕನಿಯಿಂದ ಬಗ್ಗಿ ಅವಳು ಕೂಗುತ್ತಿದ್ದ "ಬಾರೋ ಮೇಲೆ" ಇಡೀ ಬ್ಲಾಕಿಗೆ ಗೊತ್ತಿತ್ತು. ಆ ಮನೆಗಳಲ್ಲಿ ಕನ್ನಡದವರು ನಾವೊಬ್ಬರೇ. ಕೆಳಗಿನ ಮನೆಯ ಮಕ್ಕಳು ನನ್ನನ್ನು ಬಾರೋ ಅಂತಲೇ ಕರೆಯುತ್ತಿದ್ದರು, ಅದೇ ನನ್ನ ಹೆಸರು ಅಂದುಕೊಂಡು.

ಅಪ್ಪ ಹೋಗಿ ಒಂದು ವರ್ಷವಾದ ಮೇಲೆ ನಾನು ಅತ್ತೆಗೆ ಹೇಳಿದೆ. ಆ ಹೊತ್ತಿಗೆ ಅವಳು ವಡಪಳನಿಯಲ್ಲಿ ಮುರುಗನ್ ಕೋವಿಲಿನ ಹಿಂದಿನ ಬೀದಿಯ ಒಂದು ಪುಟ್ಟ ಫ್ಲ್ಯಾಟಿನಲ್ಲಿದ್ದಳು. ಕಾಫಿಯ ಹಾಲು ಉಕ್ಕುವುದರಲ್ಲಿತ್ತು. ನಾನು ಹೆಣ್ಣು, ಯಾವಾಗಲೂ ಆಗಿದ್ದೆ, ಇನ್ನು ಮುಂದೆ ಹಾಗೆಯೇ ಬದುಕುತ್ತೇನೆ, ಡಾಕ್ಟರನ್ನು ನೋಡಿಯಾಗಿದೆ ಎಂದು ಸಿದ್ಧಪಡಿಸಿಕೊಂಡಿದ್ದ ನಾಲ್ಕು ವಾಕ್ಯ ಹೇಳಿ ಮುಗಿಸಿದೆ. ಅವಳು ಒಲೆ ಆರಿಸಿದಳು.

"ನಿಮ್ಮಪ್ಪನಿಗೆ ಗೊತ್ತಿತ್ತಾ?"

"ಇಲ್ಲ."

"ಸದ್ಯ" ಅಂದಳು.

ಆ ಸದ್ಯ ಯಾರ ಪರವಾಗಿ ಅಂತ ನಾನು ಕೇಳಲಿಲ್ಲ. ಅಪ್ಪ ನೊಂದುಕೊಳ್ಳದೆ ಹೋದನೆಂದೋ, ನಾನು ಅವನ ಬಾಯಿಗೆ ಸಿಗಲಿಲ್ಲವೆಂದೋ. ಮನೆಯಿಂದ ಹೊರಗೆ ಹಾಕಲಿಲ್ಲ, ಅಳಲಿಲ್ಲ. ಕಾಫಿ ಕೊಟ್ಟಳು. ಅಷ್ಟೇ ಸಾಕೆನಿಸಿತ್ತು.

ವ್ಯತ್ಯಾಸ ಗೊತ್ತಾಗಲು ಒಂದೆರಡು ವಾರ ಹಿಡಿಯಿತು. ಅತ್ತೆ ಬಾರೋ ಅನ್ನುವುದನ್ನು ನಿಲ್ಲಿಸಿದ್ದಳು. ಬಾರೇ ಅನ್ನಲಿಲ್ಲ. ಬರೀ "ಬಾ." "ಕೂತ್ಕೋ." "ತಿನ್ನು." "ಯಾಕೆ ಲೇಟು?" ಬಾಲ ಕತ್ತರಿಸಿದ ಮಾತುಗಳು, ತಂತಿ ಕಳಿಸಿದ ಹಾಗೆ. ಓ ಹೋದದ್ದಕ್ಕೆ ಸಂತೋಷಪಡಬೇಕಾಗಿತ್ತು, ಪಟ್ಟೆ ಕೂಡ. ಆದರೆ ಅದರ ಜೊತೆಗೆ ಸಲಿಗೆಯೂ ಹೋಗಿತ್ತು. ಓ ಅನ್ನದೆ, ಏ ಅನ್ನದೆ ಪ್ರೀತಿಯಿಂದ ಬೈಯಲು ಕನ್ನಡದಲ್ಲಿ ಆಗುವುದಿಲ್ಲ. ಅತ್ತೆ ಬೈಯುವುದನ್ನೇ ಬಿಟ್ಟಳು.

ಬೇರೆಯವರ ಹತ್ತಿರ ನನ್ನ ಬಗ್ಗೆ ಮಾತಾಡುವಾಗ ಅವಳು ಇನ್ನೊಂದು ದಾರಿ ಹುಡುಕಿಕೊಂಡಳು. ಬಂದ ಅನ್ನಬೇಕೋ ಬಂದಳು ಅನ್ನಬೇಕೋ ಎಂಬ ತೊಂದರೆಯೇ ಬೇಡವೆಂದು ನನ್ನನ್ನು ಮಗು ಮಾಡಿಬಿಟ್ಟಳು. ಮಗು ಬಂತು, ಮಗು ತಿಂತು, ಮಗುಗೆ ಬಿಸಿಲು ಆಗಲ್ಲ. ಎದುರು ಫ್ಲ್ಯಾಟಿಗೆ ಹೊಸದಾಗಿ ಬಂದಿದ್ದ ಬ್ಯಾಂಕಿನವರು, ಧಾರವಾಡದ ಕಡೆಯವರು, ಒಂದು ಭಾನುವಾರ ಬಣ್ಣದ ಕಾಗದದಲ್ಲಿ ಸುತ್ತಿದ ಆಟದ ರೈಲು ತಂದರು.

"ಮಗು ಬರತೈತಿ ಅಂದಿದ್ರಲ್ರೀ. ಎಷ್ಟು ವರ್ಷ ಅದಕ್ಕ?"

"ಮೂವತ್ತೊಂದು" ಅಂದಳು ಅತ್ತೆ.

ನಾನು ಆಗ ಸೋಫಾದ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದೆ. ಆ ರೈಲು ಈಗಲೂ ಅತ್ತೆಯ ಟೀವಿಯ ಮೇಲಿದೆ.

ನಾನು ಹಗಲು ಸಬ್‌ಟೈಟಲ್ ಬರೆಯುವ ಕೆಲಸ ಮಾಡುತ್ತೇನೆ. ಶನಿವಾರ ಭಾನುವಾರಗಳಲ್ಲಿ ಪ್ರದರ್ಶನ ಕೊಡುತ್ತೇನೆ. ರಂಗಮಂದಿರಗಳಲ್ಲಲ್ಲ. ಕಾಸಿಮೇಡಿನಲ್ಲಿ, ಮೀನು ಬಂದರಿನ ಹಿಂದೆ, ಐಸ್ ಇಡುತ್ತಿದ್ದ ಒಂದು ಹಳೆಯ ಗೋಡೌನ್ ಇದೆ. ಯಂತ್ರ ಕೆಟ್ಟು ಬಿಟ್ಟಿದ್ದ ಆ ಜಾಗವನ್ನು ನಮ್ಮಲ್ಲೊಬ್ಬಳು ಮೀನಿನವರ ಹತ್ತಿರ ಮಾತಾಡಿ ಪಡೆದಳು. ಅವಳನ್ನು ಎಲ್ಲರೂ ಅಕ್ಕಾ ಅನ್ನುತ್ತೇವೆ. ನಮ್ಮೊಳಗೆ ಹಿರಿಯ ತಿರುನಂಗೈ ಅವಳು. ನಮ್ಮಂಥ ಹೆಂಗಸರಿಗೆ ತಮಿಳಿನಲ್ಲಿ ಆ ಒಳ್ಳೆಯ ಪದವಿದೆ. ಪೋಸ್ಟರ್ ಹಾಕುವುದಿಲ್ಲ. ಎಲ್ಲಿ, ಯಾವಾಗ ಅನ್ನುವುದು ಆ ದಿನ ಮಧ್ಯಾಹ್ನ ಗೊತ್ತಿರುವವರ ಫೋನಿಗೆ ಬರುತ್ತದೆ. ಬಾಗಿಲಲ್ಲಿ ಎಲ್ಲರ ಫೋನೂ ಒಂದು ಪ್ಲಾಸ್ಟಿಕ್ ಬುಟ್ಟಿಗೆ ಹೋಗುತ್ತದೆ, ಏಕೆಂದರೆ ಆಡುವವರಲ್ಲಿ ಕೆಲವರ ಮನೆಗೆ ಇನ್ನೂ ಗೊತ್ತಿಲ್ಲ. ಸಂಜೆ ಐದಕ್ಕೆ ಶುರು ಮಾಡಿ ಬೇಗ ಮುಗಿಸುತ್ತೇವೆ. ಸುತ್ತಮುತ್ತಲಿನವರು ಬೆಳಗಿನ ಜಾವದ ಹರಾಜಿಗೆ ಏಳಬೇಕಾದವರು. ಅವರ ನಿದ್ದೆ ಕೆಡಿಸಿದರೆ ಜಾಗ ಹೋಗುತ್ತದೆ.

ಅಲ್ಲಿ ಎಲ್ಲರೂ ನನ್ನನ್ನು "ವಾ ಡೀ", "ಪೋ ಡೀ" ಅನ್ನುತ್ತಾರೆ. ನಮ್ಮ ಬಾರೇಯಲ್ಲಿನ ಏ ಇದ್ದಂತೆ ಆ ಡೀ. ಮೊದಮೊದಲು ಪ್ರತಿ ಡೀಗೂ ಒಳಗೆ ಏನೋ ಸಡಿಲವಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ತಮಿಳಿನಲ್ಲಿ ನಾನು ಹೆಣ್ಣಾಗಿ ಎಷ್ಟೋ ವರ್ಷವಾಗಿದೆ, ಇಂಗ್ಲಿಷಿನಲ್ಲೂ ಆಯಿತು. ಕನ್ನಡದಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುವವರು ಲೋಕದಲ್ಲಿ ಉಳಿದಿರುವುದು ಒಬ್ಬಳೇ. ಅವಳು ಕರೆಯದೆ ಹೋದರೆ ನನ್ನ ಮನೆಮಾತಿನಲ್ಲಿ ನಾನು ಕೊನೆಯವರೆಗೂ ಬರೀ "ಬಾ" ಆಗಿಯೇ ಇರಬೇಕು. ಬೇರೆಯವರಿಗೆ ಇದು ಸಣ್ಣದಾಗಿ ಕಾಣಬಹುದು. ನಾನೂ ನನಗೆ ಹಾಗೆಯೇ ಹೇಳಿಕೊಂಡು ನೋಡಿದ್ದೇನೆ.

ಅದಕ್ಕೇ ಒಂದು ಸಣ್ಣ ನಾಟಕ ಬರೆದೆ. ಒಬ್ಬಳೇ ಆಡುವಂಥದ್ದು, ಒಂದು ಕುರ್ಚಿ, ಒಂದು ಮೈಕು. ಮಾತು ತಮಿಳು, ಅತ್ತೆಯ ಕೂಗು ಮಾತ್ರ ಕನ್ನಡ. ಕುರ್ಚಿ ಹತ್ತಿ ನಿಂತರೆ ನಾನು ಬಾಲ್ಕನಿಯ ಅತ್ತೆ, ಇಳಿದರೆ ಕೆಳಗೆ ಆಡುವ ಮಗು. ಕೊನೆಯಲ್ಲಿ ಕುರ್ಚಿಯ ಮೇಲಿಂದ ಎರಡು ಸಲ "ಬಾರೋ ಮೇಲೆ" ಎಂದು ಅತ್ತೆಯ ಧ್ವನಿಯಲ್ಲಿ ಕೂಗಬೇಕು. ಮೂರನೆಯ ಸಲ ಧ್ವನಿ ಇಲ್ಲ. ತುಟಿ ಮಾತ್ರ ಆಡುತ್ತದೆ: ಬಾರೇ ಮೇಲೆ. ಯಾರಿಗೂ ಕೇಳಿಸುವುದಿಲ್ಲ. ದೀಪ ಆರುತ್ತದೆ. ಅಷ್ಟೇ ಆಟ.

ಅತ್ತೆಯನ್ನು ಕರೆಯುವ ಯೋಚನೆ ನನ್ನದಲ್ಲ. ಅವಳ ಧ್ವನಿ ಸರಿಯಾಗಿ ಹಿಡಿಯಲೆಂದು ಅವಳ ಮನೆಯ ಬಚ್ಚಲಲ್ಲೇ ಅಭ್ಯಾಸ ಮಾಡುತ್ತಿದ್ದೆ; ಬಾಗಿಲಾಚೆಯಿಂದ ಅವಳೇ, "ಗಂಟಲು ಹಿಂಡಬೇಡ, ನಾಳೆ ಕೂತುಹೋಗತ್ತೆ. ಏನದು?" ಅಂದಳು. ನಾಟಕ ಅಂದೆ. ಎಲ್ಲಿ ಅಂದಳು. ಹೇಳಿದೆ. "ನಾನು ಬರಬಾರದಾ?" ಅಂದಳು.

ಆ ವಾರವಿಡೀ ಇದೇ ಯೋಚನೆ. ತನ್ನನ್ನು ಅಣಕಿಸುತ್ತಿದ್ದೇನೆ ಅಂದುಕೊಂಡರೆ? ಅಥವಾ ಆಟ ಮುಗಿದ ಮೇಲೆ ಎಲ್ಲರೆದುರಿಗೆ, ಉದ್ವೇಗದಲ್ಲಿ, ಹಳೆಯ ಬಾಯಿಚಾಳಿಗೆ "ಏನೋ ಇದು" ಅಂದುಬಿಟ್ಟರೆ? ಅಲ್ಲಿ ಯಾರಿಗೂ ಕನ್ನಡ ಬಾರದು. ಆದರೂ ಓ ಅಂದರೆ ತುಟಿ ದುಂಡಗಾಗುತ್ತದೆ, ಅದು ನನಗೆ ಕಾಣುತ್ತದೆ.

ಆಟದ ಸಂಜೆ ಅಕ್ಕ ನನ್ನ ಮುಖಕ್ಕೆ ಬಣ್ಣ ಹಚ್ಚುತ್ತ ಬೈದಳು. "ಯಾಕಡೀ ಹೆದರ್ತೀಯ? ನನ್ನ ಅಮ್ಮ ಒಂದು ಸಲ ಬಂದು ಚಪ್ಪಲಿ ಎಸೆದಳು. ಒಂದೇ ಚಪ್ಪಲಿ. ಇನ್ನೊಂದಕ್ಕೆ ಇವತ್ತಿನವರೆಗೂ ಕಾಯ್ತಾ ಇದ್ದೀನಿ, ಜೊತೆ ಆಗಲಿ ಅಂತ."

ಅತ್ತೆ ಆಟೋದಿಂದ ಇಳಿದಳು. ಬೂದು ಸೀರೆ, ನನ್ನ ಪ್ರಕಾರ. ಗಾಳಿ ಬಂದರಿನ ಕಡೆಯಿಂದ ಬೀಸುತ್ತಿತ್ತು. ಹುಟ್ಟಿದಾರಭ್ಯ ಮೊಟ್ಟೆಯನ್ನೂ ಮುಟ್ಟದವಳು, ಸೆರಗನ್ನು ಮೂಗಿನ ಹತ್ತಿರ ಒಯ್ದು ಮತ್ತೆ ಇಳಿಸಿದಳು. ಅಕ್ಕ ಓಡಿಹೋಗಿ ಕೈ ಹಿಡಿದು, "ವಾಸನೆಗೆ ಕ್ಷಮಿಸಬೇಕು ಅಮ್ಮಾ" ಅಂದಳು.

ಅತ್ತೆ ಚೊಕ್ಕ ತಮಿಳಿನಲ್ಲಿ ಅಂದಳು, "ಪರವಾಗಿಲ್ಲಮ್ಮಾ. ಮೀನು ಸತ್ತ ಮೇಲೆ ನಾರತ್ತೆ. ನಮ್ಮ ಕಾಲದ ಕೆಲವು ಡೈರೆಕ್ಟರುಗಳು ಬದುಕಿದ್ದಾಗಲೇ ನಾರ್ತಿದ್ರು."

ಅಕ್ಕ ನಕ್ಕ ಸದ್ದಿಗೆ ಗೋಡೌನಿನ ಒಳಗಿದ್ದವರು ಹೊರಗೆ ಬಂದು ನೋಡಿದರು. ಅತ್ತೆ ಬುಟ್ಟಿಯಲ್ಲಿ ಫೋನ್ ಇಟ್ಟಳು, ಮುಂದಿನ ಸಾಲಿನ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಉಳಿದವರೆಲ್ಲ ಚಾಪೆಯ ಮೇಲೆ.

ಮೊದಲು ಅಕ್ಕನದು. ಸತ್ತವರ ಮುಂದೆ ಹೆಂಗಸರು ಎದೆ ಬಡಿದುಕೊಂಡು ಹಾಡುವ ಒಪ್ಪಾರಿಯನ್ನು ಅವಳು ತನ್ನ ಹಳೆಯ ಗಂಡು ಹೆಸರಿಗೆ ಹಾಡುತ್ತಾಳೆ. ಆ ಹೆಸರು ಏನೇನು ತಿಂದಿತ್ತು, ಎಷ್ಟು ಪೆಟ್ಟು ತಿಂದಿತ್ತು, ಅದಕ್ಕೆ ಎಂಥ ಹೆಣ್ಣು ನೋಡಿದ್ದರು. ಜನ ಬಿದ್ದು ಬಿದ್ದು ನಗುತ್ತಾರೆ. ಅತ್ತೆ ನಕ್ಕಳೋ ಇಲ್ಲವೋ ನಾನು ಪರದೆಯ ಹಿಂದಿನಿಂದ ನೋಡಲಿಲ್ಲ. ನಕ್ಕಳು ಎಂದು ಅಕ್ಕ ಹೇಳುತ್ತಾಳೆ; ಆದರೆ ಅಕ್ಕ ತನ್ನ ಆಟಕ್ಕೆ ಎಲ್ಲರೂ ನಕ್ಕರು ಅನ್ನುವವಳೇ.

ಆಮೇಲೆ ನಾನು. ಕುರ್ಚಿ ಹತ್ತಿದಾಗ ಕೇಳಿಸಿದ್ದು ನೆನಪಿದೆ. ಇದು ಮಾತ್ರ ಖಂಡಿತ. ಮೇಲೆ ಫ್ಯಾನಿನ ಸದ್ದು, ತಗಡಿನ ಮಾಡು ಬಿಸಿಲಿಳಿದಂತೆ ಟಿಕ್ ಟಿಕ್ ಅನ್ನುತ್ತಿತ್ತು. ಆಟ ಸಾಗಿತು. ಕೊನೆಗೆ "ಬಾರೋ ಮೇಲೆ" ಎಂದು ಕೂಗಿದೆ. ಇನ್ನೊಂದು ಸಲ ಕೂಗಿದೆ. ಮೂರನೆಯದಕ್ಕೆ ತುಟಿ ಮಾತ್ರ ಆಡಿಸಿದೆ.

ನಿಶ್ಶಬ್ದ ಇರಬೇಕಾದ ಜಾಗದಲ್ಲಿ, ಮುಂದಿನ ಸಾಲಿನಿಂದ, ಸ್ಪಷ್ಟವಾಗಿ, ಕೂಗಿ ಅಭ್ಯಾಸವಿದ್ದ ಧ್ವನಿಯಲ್ಲಿ ಮಾತು ಬಿತ್ತು.

"ಬಾರೇ ಮೇಲೆ."

ಸರಿಯಾಗಿ ನನ್ನ ತುಟಿಯ ಮೇಲೆ ಬಿತ್ತು, ಒಂದು ಕೂದಲೆಳೆ ಹಿಂದೆ ಮುಂದೆ ಆಗದ ಹಾಗೆ. ಜನ ಅದು ಆಟದ ಭಾಗವೆಂದೇ ತಿಳಿದರು. ನನ್ನ ಆಟ ಅಲ್ಲಿಗೆ ಮುಗಿಯಬೇಕಿತ್ತು, ಸೌಂಡಿನ ಜೊತೆ ದೀಪವನ್ನೂ ನೋಡಿಕೊಳ್ಳುವ ಗೆಳತಿ ಅದನ್ನು ಆರಿಸಬೇಕಿತ್ತು. ದೀಪ ಉರಿಯುತ್ತಲೇ ಇತ್ತು. ನಾನು ಕುರ್ಚಿಯಿಂದ ಇಳಿದು "ಬಂದೆ ಅತ್ತೆ" ಅಂದೆ. ಬರೆದುಕೊಂಡಿರಲಿಲ್ಲ. ಬಂದೆ ಅನ್ನುವುದಕ್ಕೆ ಗಂಡು ಹೆಣ್ಣು ಇಲ್ಲ, ಯಾರೂ ಕೇಳದೆಯೇ ಕನ್ನಡ ಕೊಟ್ಟಿರುವ ಸೌಕರ್ಯ ಅದು. ಆಗ ದೀಪ ಆರಿತು.

ಚಪ್ಪಾಳೆಯ ನಡುವೆ ಪರದೆಯ ಹಿಂದೆ ಬಂದೆ. ಅಕ್ಕ ನೀರು ಕೊಟ್ಟಳು. ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆ ಬುಟ್ಟಿಯಲ್ಲಿ ತನ್ನ ಫೋನ್ ಹುಡುಕುತ್ತಿದ್ದಳು.

"ನನ್ನ ಧ್ವನಿ ಅಷ್ಟು ಕೀರಲು ಅಲ್ಲ" ಅಂದಳು.

"ಬಾಲ್ಕನಿಯಿಂದ ಕೂಗುವಾಗ ಹಾಗೇ ಇತ್ತು."

"ಎರಡನೇ ಮಹಡಿ. ಕೀರಲು ಮಾಡದೆ ಕೇಳಿಸ್ತಿತ್ತಾ ನಿನಗೆ?" ನನ್ನ ಕೆನ್ನೆಯ ಮೇಲಿನ ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿ ಬೆರಳು ನೋಡಿಕೊಂಡಳು. "ಸದ್ಯ, ಮುಗೀತಲ್ಲ. ನಂಗೆ ನಿಂಗಿಂತ ಜಾಸ್ತಿ ಭಯವಾಗಿತ್ತು."

"ನಿನಗ್ಯಾಕೆ ಭಯ?"

"ಗಂಟಲು ಹಿಡ್ಕೊಂಡ್ರೆ ಏನ್ ಮಾಡೋದು ಅಂತ. ಮತ್ಯಾಕೆ?"

ನನಗೆ ನಗು ಬಂತು. ವಾರದಿಂದ ನಾನು ಅವಳ ಕೊನೆಯ ಸ್ವರಕ್ಕೆ ಹೆದರಿದ್ದೆ, ಅವಳು ನನ್ನ ಗಂಟಲಿಗೆ. ಆಟೋದಲ್ಲಿ ವಾಪಸು ಬರುವಾಗ ಅವಳು ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಅಥವಾ ಆಟೋದ ಕಂಬಿಯನ್ನು ಹಿಡಿದಿದ್ದಳು, ನನ್ನ ಕೈ ಅದರ ಮೇಲಿತ್ತು. ಮನೆಗೆ ಬಂದು ಮೊಸರನ್ನ ತಿಂದು ಅವಳ ಮನೆಯಲ್ಲೇ ಮಲಗಿದೆ. ಅಷ್ಟು ಒಳ್ಳೆಯ ನಿದ್ದೆ ಯಾವಾಗ ಬಂದಿತ್ತೋ ಗೊತ್ತಿಲ್ಲ.

ಬೆಳಿಗ್ಗೆ ಅಡುಗೆಮನೆಯಿಂದ "ಬಾ, ಕಾಫಿ" ಎಂಬ ಮಾತು ಬಂತು. ಬಾಲ ಇರಲಿಲ್ಲ.

ಆಗಿನಿಂದ ಹೀಗೇ ಇದೆ. ಬಾ, ತಿನ್ನು, ಯಾಕೆ ಲೇಟು. ಎದುರು ಮನೆಯವರ ಹತ್ತಿರ "ಮಗು ನಾಟಕ ಚೆನ್ನಾಗಿ ಮಾಡ್ತು" ಅಂದಳಂತೆ. ಆಟದ ರೈಲು ತಂದಿದ್ದವರೇ ನನಗೆ ಹೇಳಿದರು, "ನಿಮ್ಮ ಅತ್ತಿಯಾರಿಗೆ ಭಾಳ ಹೆಮ್ಮಿ ನೋಡ್ರಿ" ಎಂದು. ಆ ಹೆಮ್ಮೆಯನ್ನು ನಾನು ಅನುಮಾನಿಸುವುದಿಲ್ಲ. ಅನುಮಾನ ಇರುವುದು ಆ ಒಂದು ಕ್ಷಣದ ಬಗ್ಗೆ. ಅತ್ತೆ ಕಸುಬಿನವಳು. ಎದುರಿಗೆ ಖಾಲಿ ತುಟಿ ಆಡಿದರೆ ಅದಕ್ಕೆ ಮಾತು ಹಾಕದೆ ಅವಳಿಂದ ಇರಲಾಗದು. ನನ್ನ ತುಟಿ ಅಗಲವಾಯಿತು, ಏ ಅಂದಳು. ಅಷ್ಟೇ ಇರಬಹುದು.

ಆದರೆ ನನ್ನ ತುಟಿ ಅಗಲವಾಯಿತೇ? ಅಭ್ಯಾಸದಲ್ಲಿ ನೂರು ಸಲ ಏ ಮಾಡಿದ್ದೆ. ಆ ಸಂಜೆ ಅವಳೆದುರು ನಿಂತಾಗ ಹೆದರಿ ಹಳೆಯ ಓ ಅನ್ನೇ ಮಾಡಿದೆನೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಬಾಯಿಯ ಸುತ್ತಲಿನ ಸ್ನಾಯುಗಳಿಗೆ ಒಂದು ನೆನಪಿದೆ, ಅದು ದುಂಡಗಿದೆ. ಹಾಗಿದ್ದರೆ ಅತ್ತೆ ತುಟಿಗೆ ವಿರುದ್ಧವಾಗಿ ಮಾತು ಹಾಕಿದಳು ಅಂತಾಯಿತು, ಜೀವಮಾನದಲ್ಲಿ ಮೊದಲ ಸಲ. ಗೆಳತಿ ರೆಕಾರ್ಡಿಂಗ್ ಕೇಳಿಸಿದಳು. ವಿಡಿಯೋ ಇಲ್ಲ. ಮೈಕ್ ಹಿಡಿದಿರುವುದು ನನ್ನನ್ನು; ಮುಂದಿನ ಸಾಲಿನಿಂದ ಒಂದು "ಬಾ" ಕೇಳುತ್ತದೆ, ಉಳಿದದ್ದನ್ನು ಫ್ಯಾನಿನ ಸದ್ದು ನುಂಗಿದೆ. "ಏನಡೀ ಇದನ್ನೇ ಕೇಳ್ತೀಯ" ಎಂದು ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ಹೋದ ಭಾನುವಾರ ಅತ್ತೆಯ ಮನೆಯಲ್ಲಿ ಬಹಳ ದಿನದ ಮೇಲೆ ಟೀವಿಯ ಧ್ವನಿ ಇಳಿಸಿ ಕೂತೆವು. ಸೀರಿಯಲ್ಲಿನಲ್ಲಿ ಒಬ್ಬಳು ಬಾಗಿಲು ತೆಗೆದು ಹೊರಗೆ ನಿಂತಿದ್ದ ಮಗಳನ್ನು ನೋಡುತ್ತಿದ್ದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ಕೂತಳು. ಪರದೆಯ ಮೇಲೆ ತುಟಿ ಆಡತೊಡಗಿತು. ಅತ್ತೆ ಬಾಯಿ ತೆರೆದಳು, ಅದೇ ಹೊತ್ತಿಗೆ ನಾನು ನನ್ನ ಪ್ರಶ್ನೆ ಕೇಳಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಸೀರಿಯಲ್ಲಿನ ತಾಯಿ ಮಾತು ಮುಗಿಸಿ ಮಗಳನ್ನು ಒಳಗೆ ಕರೆದುಕೊಂಡಳು, ಆ ತುಟಿಗಳು ಖಾಲಿಯೇ ಹೋದವು. ನಾನು ಇದನ್ನು ಬರೆಯುವವರೆಗೂ ಉತ್ತರ ಬಂದಿಲ್ಲ. ಕೇಳಿದ್ದು ಇಷ್ಟೇ:

"ಅತ್ತೆ, ಅವತ್ತು ನೀನು ಬಾರೇ ಅಂದಿದ್ದು ನನ್ನ ತುಟಿ ನೋಡಿಯಾ, ನನ್ನನ್ನ ನೋಡಿಯಾ?"